ಚಹದ ತೋಟದ ಅತಿಥಿ

ನಮ್ಮ ಸೇಡಂ, ಚಿತ್ತಾಪುರದ ಕಡೆ ‘ಹೋಟೆಲು’ ಎಂದೊಡನೆ ನೆನಪಿಗೆ ಬರುವುದು ಚಹ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರು ಅರ್ಧ ತಾಸು ಕೂರುವ ಬೆಂಚೂ ನಮ್ಮ ಪಾಲಿಗೆ ಹೋಟೆಲೇ. ಚಹ ಹೋಟೆಲಿಗೆ ಬರುವುದು ಲೋಕರೂಢಿ. ಹೋಟೆಲೇ ಚಹವನ್ನು ಅರಸಿ ಗಿಡದ ಬುಡಕ್ಕೆ ಹೋದ ಸಂಗತಿಯೊಂದನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಡಾರ್ಜಿಲಿಂಗ್ ಜಿಲ್ಲೆಯ ಕುರ್ಸಿಯಾಂಗ್ ಪಟ್ಟಣದ ಬಳಿ ಬೆಟ್ಟದ ಇಳಿಜಾರಿನಲ್ಲಿ ಮಕಾಯ್‌ಬಾರಿ ಎಂಬ ತೋಟವಿದೆ. ಅದರ ಕಾರ್ಖಾನೆ 1859ರದು. ಆ ಬೆಟ್ಟಗಳನ್ನು ಪುಟ್ಟ ರೈಲು ಏರಿದ್ದು 1881ರಲ್ಲಿ. ಈಗ ಆ ತೋಟದ ನೆಲದಲ್ಲಿ ‘ತಾಜ್ ಚಿಯಾ ಕುಟೀರ್’ ಎಂಬ ವೈಭವದ ಹೋಟೆಲು ನಿಂತಿದೆ. ಚಿಯಾ ಎಂದರೆ ನೇಪಾಳಿಯಲ್ಲಿ ಚಹ. ಅತಿಥಿಯ ಕಿಟಕಿಯಾಚೆ ಮಂಜು, ಮಂಜಿನಡಿಯಲ್ಲಿ ಮೆಟ್ಟಿಲುಮೆಟ್ಟಿಲಾದ ಹಸಿರು. ಕಾರ್ಖಾನೆಗೆ ಹೋದರೆ ಎಲೆಯನ್ನು ಬಾಡಿಸುವುದು, ಹೊಸೆಯುವುದು, ಗಾಳಿಗೆ ಬಿಟ್ಟು ಬಣ್ಣ ತಿರುಗಿಸುವುದು, ಒಣಗಿಸುವುದು ಎಲ್ಲವನ್ನೂ ಕಾಣಬಹುದು.

ಇಂಥ ತೋಟ ನಮ್ಮಲ್ಲಿ ಏಕಿಲ್ಲ? ಚಹಕ್ಕೆ ಹುಳಿಗುಣದ ಮಣ್ಣು ಬೇಕು. ಧಾರಾಳ ಮಳೆ ಬೇಕು, ಆ ನೀರು ಬುಡದಲ್ಲಿ ನಿಲ್ಲಬಾರದು. ಚಿಂಚೋಳಿಯಲ್ಲಿ ಗುಡ್ಡ ಕಾಡುಗಳಿದ್ದರೂ ಆ ಮಳೆಯಿಲ್ಲ. ಶಹಾಬಾದ್, ವಾಡಿ, ಸೇಡಮಿನ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಚಹವನ್ನು ಒಲ್ಲೆನೆನ್ನುವ ಆ ಸುಣ್ಣವೇ ನಮಗೆ ಸಿಮೆಂಟು ಕೊಟ್ಟಿತು, ನಾಡಿನ ಮನೆಮನೆಗೆ ಹಾಸುಗಲ್ಲು ಕೊಟ್ಟಿತು.

ಆ ಹಾಸುಗಲ್ಲಿನ ಮೇಲೆ ನಡೆದಾಡುವವರಿಗೆ ಅದನ್ನು ಎಬ್ಬಿಸಿದ ಗಣಿಯ ಕೂಲಿಯ ಮುಖ ಕಾಣುವುದಿಲ್ಲ. ಚಹದ ಅತಿಥಿಯೂ ಈ ಮರೆವಿಗೆ ಹೊರತಲ್ಲ. ಒಂದು ಕಿಲೋ ಚಹಕ್ಕೆ ನಾಲ್ಕು ಕಿಲೋಗೂ ಮಿಕ್ಕಿ ಹಸಿರೆಲೆ ಬೇಕು. ಎರಡೆಲೆ, ಒಂದು ಕುಡಿ ಎಂಬ ಲೆಕ್ಕದಲ್ಲಿ ಅದನ್ನು ಬಿಡಿಸುವವರು ಬಹುಮಟ್ಟಿಗೆ ಹೆಂಗಸರು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಅವರ ಮನೆ, ನೀರು, ಔಷಧೋಪಚಾರಗಳನ್ನು ಒಡೆಯರ ಹೊಣೆಯಾಗಿಸಿತು. ಆದರೆ ಮನೆಗೂ ದುಡಿಮೆಗೂ ಗಂಟುಬಿದ್ದಿತು. ಕೆಲಸ ತಪ್ಪಿದರೆ ಸೂರೂ ತಪ್ಪೀತೆಂಬ ಅಂಜಿಕೆಯಲ್ಲಿ ತಲೆಮಾರುಗಳು ಕಳೆದವು. ನೆಲ ಸರಕಾರದ್ದು, ಗುತ್ತಿಗೆ ಒಡೆಯರದು. ತಲೆಮಾರುಗಳಿಂದ ವಾಸವಿರುವವರಲ್ಲಿ ಅನೇಕರಿಗೆ ಹಕ್ಕುಪತ್ರವಿಲ್ಲ.

ಬಂಗಾಳದ ಸರಕಾರ 2019ರ ನೀತಿಯಲ್ಲಿ ತೋಟದ ನೆಲದ ಶೇಕಡಾ 15ರವರೆಗೆ, 150 ಎಕರೆಯ ಮಿತಿಯೊಳಗೆ, ಪ್ರವಾಸೋದ್ಯಮಕ್ಕೆ ಬಳಸಲು ಒಪ್ಪಿತು. 2025ರಲ್ಲಿ ಅದನ್ನು ಶೇಕಡಾ 30ಕ್ಕೆ ಏರಿಸುವ ಮಾತು ಬಂದಾಗ ಬೆಟ್ಟದಲ್ಲಿ ವಿರೋಧವೆದ್ದಿತು. ಅತಿಥಿಗೆ ನೆಲ ಇಷ್ಟು ಸಲೀಸಾಗಿ ಸಿಕ್ಕುವುದಾದರೆ ಆಳಿಗೆ ಏಕೆ ಸಿಕ್ಕದು? ಇದು ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ. ಹೋಟೆಲಿನಿಂದ ಕೆಲವರಿಗೆ ಹೊಸ ಕೆಲಸ ಒದಗುವುದೂ ಸುಳ್ಳಲ್ಲ. ಚಹವೊಂದನ್ನೇ ನಂಬಿದ ತೋಟಗಳ ಪಾಡು ಎಲ್ಲ ವರ್ಷವೂ ಸುಖದ್ದಲ್ಲ.

ಇವೆರಡರ ನಡುವೆ ಒಂದು ದಾರಿಯನ್ನು ಮಕಾಯ್‌ಬಾರಿಯೇ ತೋರಿದೆ. ಈ ದೊಡ್ಡ ಹೋಟೆಲು ಏಳುವ ಮುಂಚೆಯೇ ಅಲ್ಲಿನ ಕಾರ್ಮಿಕ ಕುಟುಂಬಗಳು ತಮ್ಮ ಮನೆಯಲ್ಲೊಂದು ಕೋಣೆಯನ್ನು ಅಣಿಗೊಳಿಸಿ ಪ್ರವಾಸಿಗಳನ್ನು ಇರಿಸಿಕೊಳ್ಳತೊಡಗಿದ್ದವು. ಅಲ್ಲಿ ಚಹ ಕೊಡುವ ಕೈಗೂ ಎಲೆ ಬಿಡಿಸುವ ಕೈಗೂ ದೂರವಿಲ್ಲ. ಬಾಡಿಗೆ ಸೇರುವುದೂ ಆ ಮನೆಗೇ.

ತೋಟ ನೋಡಲು ಹೋಗುವವರು ಹೋಗಲಿ, ಕಣ್ತುಂಬ ನೋಡಲಿ. ಹೋದವರು ಎಲ್ಲಿ ಇಳಿದುಕೊಂಡರೂ, ಈ ಎಲೆ ಬಿಡಿಸಿದವರ ಮನೆ ಯಾವುದು, ಅದು ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ಕೇಳಲಿ. ಕಲ್ಲಿನ ನಾಡಿನಿಂದ ಹೋದ ನಮಗೆ ಆ ಪ್ರಶ್ನೆ ಕೇಳುವ ಹಕ್ಕು ತುಸು ಹೆಚ್ಚೇ ಇದೆ.