ನಿಂಬೆಯ ಕಜ್ಜಿಗೆ ಬೇವಿನ ಕಾವಲು



ನಮ್ಮ ಶಿವಮೊಗ್ಗ-ಭದ್ರಾವತಿ ಕಡೆ ನಿಂಬೆಗಿಡವಿಲ್ಲದ ಹಿತ್ತಲು ಕಡಿಮೆ. ಬಾವಿಕಟ್ಟೆಯ ಪಕ್ಕ ಒಂದು ನಿಂಬೆ, ಬೇಲಿಯ ಅಂಚಿಗೆ ಒಂದು ಹೇರಳೆ ಅಥವಾ ಕಂಚಿ, ಅಡಕೆ ತೋಟದ ಬದುವಿನಲ್ಲಿ ನಾಲ್ಕಾರು ಗಿಡ ಇದ್ದೇ ಇರುತ್ತವೆ. ಉಪ್ಪಿನಕಾಯಿಗಾಯಿತು, ಪಾನಕಕ್ಕಾಯಿತು, ಮಿಕ್ಕಿದ್ದು ಸಂತೆಗಾಯಿತು. ಇತ್ತೀಚೆಗೆ ನೀರಿನ ಅನುಕೂಲ ನೋಡಿಕೊಂಡು ಅರ್ಧ ಎಕರೆ, ಒಂದು ಎಕರೆ ನಿಂಬೆಯನ್ನೇ ಹಾಕಿದವರೂ ಉಂಟು. ಇವರೆಲ್ಲ ಮಳೆಗಾಲ ಕಳೆದ ಮೇಲೆ ಹೇಳುವ ದೂರು ಒಂದೇ: "ಕಾಯಿಗೆ ಕಜ್ಜಿ ಹತ್ತಿದೆ ಸ್ವಾಮಿ, ಸಂತೆಯಲ್ಲಿ ಯಾರೂ ಮುಟ್ಟೋದಿಲ್ಲ. ಬೇವಿನೆಣ್ಣೆ ಹೊಡೆದರೆ ಹೋಗುತ್ತಾ?"

ಈ ಪ್ರಶ್ನೆಗೆ ಇವತ್ತು ನೇರವಾಗಿ ಉತ್ತರ ಹೇಳೋಣ. ಬೇವು ಕಾವಲುಗಾರ, ವೈದ್ಯನ ಕೆಲಸ ಅದಕ್ಕೆ ಬಾರದು. ಬಂದ ಕಜ್ಜಿಯನ್ನು ಅದು ಅಳಿಸಲಾರದು. ಬರುವ ಕಜ್ಜಿಯನ್ನು ಬಾಗಿಲಲ್ಲೇ ತಡೆಯುವುದಕ್ಕೆ ಬಹಳ ಮಟ್ಟಿಗೆ ಸಹಾಯ ಮಾಡುತ್ತದೆ. ಈ ವ್ಯತ್ಯಾಸ ತಿಳಿದವನಿಗೆ ಬೇವಿನಿಂದ ಲಾಭ. ತಿಳಿಯದವನಿಗೆ ಹಣವೂ ಹೋಯಿತು, ಗಿಡವೂ ಹೋಯಿತು.

ಮೊದಲು ರೋಗದ ಗುರುತು. ಎಳೆಯ ಎಲೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕೆ ಕಾಣಿಸುತ್ತದೆ. ಬರಬರುತ್ತಾ ಅದು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಬಿರಟೆಯ ಹಾಗೆ ಒರಟಾಗುತ್ತದೆ. ಎಲೆಯಲ್ಲಿ ಅದರ ಸುತ್ತ ಹಳದಿ ಬಳೆ ಕಟ್ಟುತ್ತದೆ. ಬೆರಳಿನಿಂದ ಸವರಿದರೆ ಎಲೆಯ ಎರಡು ಮಗ್ಗುಲಲ್ಲೂ ಗರಗಸದಂತೆ ತಾಗುತ್ತದೆ. ಇದೇ ಗಂಟು ಕಡ್ಡಿಯ ಮೇಲೂ ಕಾಯಿಯ ಸಿಪ್ಪೆಯ ಮೇಲೂ ಬರುತ್ತದೆ. ಸಿಪ್ಪೆ ಕೆಟ್ಟರೂ ಒಳಗಿನ ರಸಕ್ಕೆ ದೋಷವಿಲ್ಲ. ಮನೆಯ ಉಪಯೋಗಕ್ಕೆ ಧಾರಾಳವಾಗಿ ಬಳಸಬಹುದು. ಬೀಳುವುದು ಸಂತೆಯ ಬೆಲೆ. ರೋಗ ಬಲಿತರೆ ಎಲೆ ಉದುರುತ್ತದೆ, ಕಡ್ಡಿ ತುದಿಯಿಂದ ಒಣಗುತ್ತದೆ, ಕಾಯಿ ಬಲಿಯುವ ಮುಂಚೆಯೇ ಕಳಚಿ ಬೀಳುತ್ತದೆ.

ಇದಕ್ಕೆ ಕಾರಣ ಕ್ಸಾಂಥೋಮೋನಾಸ್ ಎಂಬ ಬ್ಯಾಕ್ಟೀರಿಯಾ. ಕಣ್ಣಿಗೆ ಕಾಣದ ಜೀವಿ. ಇದು ಹೊರದೇಶದಿಂದ ಬಂದ ಹೊಸ ಪಿಡುಗೇನೂ ಅಲ್ಲ. 1827ರಿಂದ 1831ರ ನಡುವೆ ಭಾರತದಲ್ಲೇ ಒಣಗಿಸಿಟ್ಟ ಮಾದಲದ ಎಲೆಯ ಮೇಲೆ ಈ ಕಜ್ಜಿಯ ಗುರುತು ಸಿಕ್ಕಿದೆ. ಈ ಜಾತಿಯ ಎಲ್ಲ ಗಿಡಗಳೂ ಒಂದೇ ತೆರನಾಗಿ ಸೋಲುವುದಿಲ್ಲ. ಕಿತ್ತಳೆ ಕೊಂಚ ತಾಳಿಕೊಳ್ಳುತ್ತದೆ. ನಾವು ಹೆಚ್ಚಾಗಿ ಬೆಳೆಯುವ ತೆಳು ಸಿಪ್ಪೆಯ ಕಾಗ್ಜಿ ನಿಂಬೆ ಬಹಳ ಬೇಗ ಸೋಲುತ್ತದೆ.

ಇನ್ನು ಇದು ಹರಡುವ ರೀತಿ. ಕಳೆದ ವರ್ಷದ ಕಡ್ಡಿಯ ಗಂಟಿನಲ್ಲಿ ಈ ಬ್ಯಾಕ್ಟೀರಿಯಾ ಬೇಸಿಗೆಯುದ್ದಕ್ಕೂ ಅಡಗಿರುತ್ತದೆ. ಮಳೆ ಬಿದ್ದು ಗಂಟು ನೆನೆದೊಡನೆ ಹೊರಕ್ಕೆ ಒಸರುತ್ತದೆ. ಗಾಳಿ ಕೂಡಿದ ಮಳೆ ಆ ಹನಿಯನ್ನು ಎತ್ತಿ ಎಳೆಯ ಚಿಗುರಿನ ಮೇಲೆ ಎರಚುತ್ತದೆ. ಚಿಗುರೆಲೆಯ ಉಸಿರಾಟದ ರಂಧ್ರಗಳಿಂದ ಅದು ಒಳಗೆ ಹೋಗುತ್ತದೆ. ಗಾಯವಿದ್ದರಂತೂ ಹೇಳುವುದೇ ಬೇಡ. ಆ ಗಾಯ ಮಾಡುವವರು ಯಾರು? ಒಂದು, ಗಾಳಿಗೆ ಅಲ್ಲಾಡುವ ನಿಂಬೆಯ ಮುಳ್ಳು. ಇನ್ನೊಂದು, ರಂಗೋಲಿ ಹುಳು. ಚಿಗುರೆಲೆಯ ಸಿಪ್ಪೆಯೊಳಗೆ ಸುರಂಗ ಕೊರೆದು ಬೆಳ್ಳಗೆ ರಂಗೋಲಿ ಬರೆದಂತೆ ಗೆರೆ ಎಳೆಯುವ ಹುಳುವನ್ನು ನೀವೆಲ್ಲ ನೋಡಿದ್ದೀರಿ. ಅದು ತಾನು ತಿನ್ನುವುದು ಅಲ್ಪ. ಬ್ಯಾಕ್ಟೀರಿಯಾಕ್ಕೆ ತೆರೆದಿಡುವ ಬಾಗಿಲು ದೊಡ್ಡದು. ಬಲಿತ ಎಲೆಗೆ ಹೊಸದಾಗಿ ಕಜ್ಜಿ ಹತ್ತುವುದು ಕಡಿಮೆ. ಆದ್ದರಿಂದ ಕಾಯಬೇಕಾದದ್ದು ಚಿಗುರನ್ನು ಮತ್ತು ಹೂ ಉದುರಿದ ಮೇಲೆ ಮೊದಲ 3 ತಿಂಗಳು ಎಳೆಗಾಯಿಯನ್ನು.

ಹಲವು ವರ್ಷಗಳಿಂದ ಇದಕ್ಕೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಸೇರಿದ ಪುಡಿಯನ್ನು ಹೊಡೆಯುವ ರೂಢಿ ಬಂತು. ಇದನ್ನು ಸ್ವಲ್ಪ ಯೋಚನೆ ಮಾಡಿ. ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಔಷಧ. ಕ್ಷಯರೋಗದಿಂದ ಸಾಯುತ್ತಿದ್ದವರನ್ನು ಅದು ಬದುಕಿಸಿತು. ಅಂಥ ಔಷಧವನ್ನು ತೋಟದ ಮೇಲೆಲ್ಲ ಚೆಲ್ಲಿದರೆ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಹಾಗೆ ಒಗ್ಗಿಕೊಂಡ ಗುಣ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಬಲ್ಲದು. ನಾಳೆ ಮನೆಯ ಮಗುವಿಗೆ ಕಾಯಿಲೆ ಬಂದು ಔಷಧ ಕೊಟ್ಟಾಗ ಅದು ಕೆಲಸ ಮಾಡದೆ ಹೋದೀತು. ಈ ಕಾರಣಕ್ಕಾಗಿಯೇ 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಔಷಧಗಳನ್ನು ಬೆಳೆಗೆ ಬಳಸುವುದನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆಜ್ಞೆ ಹೊರಡಿಸಿತು. ನಿಂಬೆಗಿಡದ ಕಜ್ಜಿಗೆ ಮನುಷ್ಯನ ಜೀವದ ಮದ್ದನ್ನು ಖರ್ಚು ಮಾಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಹಾಗಾದರೆ ಗಿಡಮೂಲಿಕೆಯ ದಾರಿ ಏನು? ಬೇವಿನ ಬೀಜದಲ್ಲಿರುವ ಮುಖ್ಯ ಕಹಿಯನ್ನು 1968ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಅದರ ಹೆಸರು ಅಜಾಡಿರಾಕ್ಟಿನ್. ವಿಶೇಷವೇನೆಂದರೆ, ನಿಂಬೆಬೀಜ ಕಚ್ಚಿದಾಗ ಬರುವ ಕಹಿಯೂ ಬೇವಿನ ಕಹಿಯೂ ಒಂದೇ ಬಳಗದವು. ಗಿಡಗಳು ತಮ್ಮ ರಕ್ಷಣೆಗೆ ತಾವೇ ಮಾಡಿಕೊಂಡ ಮದ್ದು ಇದು. ಅಜಾಡಿರಾಕ್ಟಿನ್ ತಾಗಿದ ಎಲೆಯನ್ನು ಹುಳು ಸಲೀಸಾಗಿ ತಿನ್ನುವುದಿಲ್ಲ. ತಿಂದರೂ ಪೊರೆ ಕಳಚಿ ಬೆಳೆಯಲಾರದು. ರಂಗೋಲಿ ಹುಳು ಕಡಿಮೆಯಾದರೆ ಗಾಯ ಕಡಿಮೆ. ಗಾಯ ಕಡಿಮೆಯಾದರೆ ಕಜ್ಜಿ ಕಡಿಮೆ.

ಬೇವು, ಬೆಳ್ಳುಳ್ಳಿ ಮೊದಲಾದವುಗಳ ರಸ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನೇ ತಡೆಯುತ್ತದೆ. ಇದೂ ನಿಜವೇ. ಆದರೆ ತಟ್ಟೆಯೇ ಬೇರೆ, ತೋಟವೇ ಬೇರೆ. ತಟ್ಟೆಯಲ್ಲಿ ರಸವೂ ಜೀವಿಯೂ ಮುಖಾಮುಖಿ. ಗಿಡದಲ್ಲಿ ಅದು ಎಲೆಯ ಮೇಣದ ಪದರದ ಕೆಳಗೆ ಅಡಗಿ ಕೂತಿದೆ. ಮೇಲಾಗಿ ನಮ್ಮ ಆಷಾಢದ ಮಳೆ ಹೊಡೆದ ರಸವನ್ನೆಲ್ಲ ಒಂದೇ ಗಳಿಗೆಯಲ್ಲಿ ತೊಳೆದು ತುಂಗಭದ್ರೆಗೆ ಸೇರಿಸುತ್ತದೆ. ಅದಕ್ಕೇ ಬೇವನ್ನು ಒಂಟಿಯಾಗಿ ನಂಬಬಾರದು ಅನ್ನುವುದು. ಅದಕ್ಕೆ ಇಬ್ಬರು ಜೊತೆಗಾರರು ಬೇಕು: ಒಂದು ಕತ್ತರಿ, ಇನ್ನೊಂದು ಮೈಲುತುತ್ತದ ಮದ್ದು.

ಕೆಲಸದ ಕ್ರಮ ಹೇಳುತ್ತೇನೆ, ಗಮನವಿಟ್ಟು ಕೇಳಿ.

ಮೊದಲನೆಯದು ಕತ್ತರಿಯ ಕೆಲಸ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ, ಒಣ ಹವೆ ನೋಡಿಕೊಂಡು ಕಜ್ಜಿಗಂಟಿರುವ ಕಡ್ಡಿಗಳನ್ನೆಲ್ಲ ಕತ್ತರಿಸಿ. ಕೆಳಗೆ ಬಿದ್ದ ಎಲೆ, ಕಾಯಿಗಳನ್ನೂ ಗುಡಿಸಿ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಎಲೆ ಒದ್ದೆಯಿರುವಾಗ ಗಿಡದಲ್ಲಿ ಕೈಯಾಡಿಸಬೇಡಿ. ರೋಗವನ್ನು ನಾವೇ ಹಂಚಿದಂತಾಗುತ್ತದೆ.

ಎರಡನೆಯದು ಬೋರ್ಡೋ ದ್ರಾವಣ. ಮಲೆನಾಡಿನವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ನಮ್ಮ ತೋಟಗಳಿಗೆ ತಂದರು. ಇಂದಿಗೂ ಅಡಕೆಗೆ ಅದೇ ಆಧಾರ. ಅದೇ ಶೇಕಡಾ 1ರ ದ್ರಾವಣ ನಿಂಬೆಗೂ ಸರಿ. 10 ಲೀಟರಿಗೆ ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಿಗೆ ಕದಡಿ, ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿಯುತ್ತಾ ಕಲಕಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಆ ದಿನವೇ ಹೊಡೆದು ಮುಗಿಸಿ. ಅಡಕೆಗೆ ಕೊಟ್ಟೆ ಕಟ್ಟುವ, ಮದ್ದು ಹೊಡೆಯುವ ಆಳು ಬಂದ ದಿನವೇ ಉಳಿದ ನಾಲ್ಕು ಲೀಟರನ್ನು ನಿಂಬೆಗೆ ಹೊಡೆಸಿದರೆ ಬೇರೆ ಖರ್ಚೇ ಇಲ್ಲ. ಕತ್ತರಿಸಿದ ಕೂಡಲೇ ಒಂದು ಸಲ, ಆಮೇಲೆ ಮಳೆಗಾಲದಲ್ಲಿ ಬಿಡುವು ಸಿಕ್ಕಾಗ ತಿಂಗಳಿಗೊಂದು ಸಲ.

ಮೂರನೆಯದು ಬೇವು. ಇದನ್ನು ಎರಡು ರೀತಿ ಮಾಡಿಕೊಳ್ಳಬಹುದು. ಬೇವಿನ ಬೀಜ ಸಿಕ್ಕರೆ ಸಿಪ್ಪೆ ಬಿಡಿಸಿದ ತಿರುಳು ಅರ್ಧ ಕಿಲೋ ಕುಟ್ಟಿ, ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ರಾತ್ರಿ ನೀರಿನಲ್ಲಿ ನೆನೆಹಾಕಿ. ಮಾರನೆ ದಿನ ಹಾಲಿನ ಬಣ್ಣ ಬರುವ ತನಕ ಹಿಂಡಿ, ಸೋಸಿ, ಒಟ್ಟು 10 ಲೀಟರ್ ಮಾಡಿ. 20 ಗ್ರಾಂ ಸೋಪು ಕರಗಿಸಿ ಬೆರೆಸಿದರೆ ಎಲೆಗೆ ಅಂಟುತ್ತದೆ. ಮಲೆನಾಡಿನಲ್ಲಿ ಬೇವಿನ ಮರ ವಿರಳ, ಬೀಜ ಎಲ್ಲಿ ತರೋಣ ಅನ್ನುವವರು ಬೇವಿನ ಹಿಂಡಿಯನ್ನೇ ಬಳಸಿ. ಅರ್ಧ ಕಿಲೋ ಹಿಂಡಿ 10 ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ ಬಟ್ಟೆಯಲ್ಲಿ ಸೋಸಿ. ಉಳಿದ ಚರಟ ಬುಡಕ್ಕೆ ಗೊಬ್ಬರವಾಯಿತು.

ಹೊಡೆಯುವ ಹೊತ್ತು ಮುಖ್ಯ. ಚಿಗುರು ಬೆರಳುದ್ದ ಬಂದಾಗ ಒಂದು ಸಲ, ವಾರ ಹತ್ತು ದಿನ ಬಿಟ್ಟು ಇನ್ನೊಂದು ಸಲ. ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತದೆ, ಆದ್ದರಿಂದ ಸಂಜೆ ಹೊಡೆಯಿರಿ. ಎಲೆಯ ಕೆಳಮಗ್ಗುಲೂ ನೆನೆಯಬೇಕು. ಮಾಡಿದ್ದನ್ನು ನಾಳೆಗೆ ಇಡಬೇಡಿ. ಬೋರ್ಡೋ ಜೊತೆ ಬೆರೆಸಲೇಬೇಡಿ. ಸುಣ್ಣದ ಕ್ಷಾರಕ್ಕೆ ಬೇವಿನ ಸತ್ವ ಮುರಿದುಹೋಗುತ್ತದೆ. ಎರಡರ ನಡುವೆ ಹತ್ತು ಹದಿನೈದು ದಿನ ಅಂತರವಿರಲಿ.

ಇದೆಲ್ಲ ಕಜ್ಜಿಯ ಮಾತಾಯಿತು. ಇನ್ನೊಂದು ಬ್ಯಾಕ್ಟೀರಿಯಾ ರೋಗವಿದೆ, ಅದನ್ನು ಇದರೊಂದಿಗೆ ಕಲಸಬಾರದು. ಅದರ ಹೆಸರು ಗ್ರೀನಿಂಗ್. ಎಲೆಯ ಒಂದು ಮಗ್ಗುಲು ಹಳದಿ, ಇನ್ನೊಂದು ಮಗ್ಗುಲು ಹಸಿರು, ಹೀಗೆ ಅಡ್ಡಾದಿಡ್ಡಿ ಮಚ್ಚೆ. ಸತುವಿನ ಕೊರತೆಯಾದರೆ ನಡುದಿಂಡಿನ ಎರಡು ಕಡೆಯೂ ಸಮನಾಗಿ ಹಳದಿಯಾಗುತ್ತದೆ, ಇಲ್ಲಿ ಹಾಗಿಲ್ಲ. ಹಣ್ಣು ಸಣ್ಣದು, ಸೊಟ್ಟ, ಕೆಳತುದಿ ಹಸಿರಾಗಿಯೇ ಉಳಿಯುತ್ತದೆ, ರಸ ಕಹಿ. ಸಿಲ್ಲಾ ಎಂಬ ಪುಟ್ಟ ಕೀಟ ರಸ ಹೀರುತ್ತಾ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ರೋಗದ ಗಿಡದಿಂದ ಕಸಿ ಕಟ್ಟಿದರೂ ಬರುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಇದು ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ವ್ಯವಸಾಯವೇ ಕುಸಿಯಿತು.

ಗ್ರೀನಿಂಗಿಗೆ ಬೇವಿನಿಂದಾಗುವ ಉಪಕಾರ ಸಿಲ್ಲಾ ಕೀಟವನ್ನು ಕಡಿಮೆ ಮಾಡುವಷ್ಟೇ. ಗಿಡದ ರಸನಾಳದೊಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಯಾವ ಕಷಾಯವೂ ಮುಟ್ಟದು. ಪರಿಣತರು ನೋಡಿ ಹೌದು ಎಂದರೆ ಗಿಡವನ್ನು ಬೇರುಸಹಿತ ಕಿತ್ತು ಸುಡುವುದೇ ಸರಿ. ಅಜ್ಜ ನೆಟ್ಟ ಗಿಡ, ಹೇಗೆ ಕೀಳೋದು ಅನ್ನಿಸುತ್ತದೆ. ಆ ಒಂದು ಗಿಡದ ಮೇಲಿನ ಮಮತೆಗೆ ಉಳಿದ ಹತ್ತು ಗಿಡವನ್ನೂ ನೆರೆಮನೆಯವರ ತೋಟವನ್ನೂ ಕೊಡಬೇಕಾದೀತು.

ಗಿಡಗಳೊಳಗಿನ ಮದ್ದಿನ ಶೋಧ ನಿಂತಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಹೈಲಿಂಗ್ ಜಿನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಸುದ್ದಿ ಕೊಟ್ಟರು. ಆಸ್ಟ್ರೇಲಿಯಾದಲ್ಲಿ ಬೆರಳಿನಾಕಾರದ ಹಣ್ಣು ಬಿಡುವ ಕಾಡುನಿಂಬೆಯೊಂದಿದೆ. ಗ್ರೀನಿಂಗನ್ನು ತಾಳಿಕೊಳ್ಳುವ ಆ ಗಿಡದಲ್ಲಿ ರೋಗದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಒಂದು ಸಣ್ಣ ಪ್ರೋಟೀನು ಅವರಿಗೆ ಸಿಕ್ಕಿತು. ಬಿಸಿಲಿನ ಕಾವಿಗೂ ಅದು ಕೆಡದು ಎನ್ನುತ್ತಾರೆ. ನಮ್ಮೂರಿನ ಅಂಗಡಿಯಲ್ಲಿ ಸಿಗುವ ಸರಕಲ್ಲ ಅದು. ಅದರ ಹೆಸರು ಹೇಳಿಕೊಂಡು ಯಾರಾದರೂ ಬಾಟಲಿ ಮಾರಲು ಬಂದರೆ ಮೋಸಹೋಗಬೇಡಿ. ಆದರೆ ಅದರಿಂದ ಕಲಿಯುವ ಪಾಠ ಉಂಟು: ಬೇಲಿಯ ಅಂಚಿನ ಕಂಚಿ, ಹೇರಳೆ, ಮಾದಲಗಳನ್ನು ಕೆಲಸಕ್ಕೆ ಬಾರದ್ದೆಂದು ಕಡಿಯಬೇಡಿ. ಯಾವ ಗಿಡದೊಳಗೆ ಯಾವ ಗುಣ ಅಡಗಿದೆಯೋ ಹೇಳಬರುವುದಿಲ್ಲ.

ಹೊಸದಾಗಿ ನೆಡುವವರಿಗೆ ಒಂದು ಮಾತು. ಕಜ್ಜಿ ಬಹಳ ಸಲ ಸಸಿಯ ಜೊತೆಯಲ್ಲೇ ಮನೆಗೆ ಬರುತ್ತದೆ. ಕೊಳ್ಳುವಾಗ ಎಲೆಯನ್ನು ಬೆರಳಿನಿಂದ ಸವರಿ, ಕಡ್ಡಿ ತಿರುಗಿಸಿ ನೋಡಿ. ಒಂದು ಗಂಟು ಕಂಡರೂ ಆ ಸಸಿ ಬೇಡ. ಗಾಳಿ ಬೀಸುವ ದಿಕ್ಕಿಗೆ ಒಂದು ಸಾಲು ತಡೆಗಿಡ ನೆಡಿ. ನೀರನ್ನು ಬುಡಕ್ಕೆ ಕೊಡಿ, ತಲೆಯ ಮೇಲೆ ಎರಚಬೇಡಿ. ಸಂದೇಹ ಬಂದರೆ ಕಡ್ಡಿಸಮೇತ ಎಲೆಯನ್ನು ಕಾಗದದಲ್ಲಿ ಸುತ್ತಿ ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. 2012ರಲ್ಲಿ ಆರಂಭವಾದ ನಮ್ಮ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರೂ ಇದ್ದಾರೆ. ಕೇಳುವುದಕ್ಕೆ ಸಂಕೋಚ ಬೇಡ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ ಎಂಬ ಗಾದೆ ನಿಮಗೆ ಗೊತ್ತು. ಕಾಯಿಗೆ ಕಜ್ಜಿ ಹತ್ತಿದ ಮೇಲೆ ಬೇವು ಹುಡುಕುವುದೂ ಹಾಗೆಯೇ. ಮೇ ತಿಂಗಳಲ್ಲಿ ಕತ್ತರಿ, ಮಳೆಯ ಬಾಗಿಲಲ್ಲಿ ಬೋರ್ಡೋ, ಚಿಗುರಿಗೆ ಬೇವು: ಈ ಮೂರನ್ನು ಗೋಡೆಯ ಪಂಚಾಂಗದ ಮೇಲೆ ಈಗಲೇ ಗುರುತು ಹಾಕಿಡಿ.