ಲಿವರ್ ವರದಿಯಲ್ಲಿ ಸ್ನಾಯುವಿನ ದೂರು

(ಮೇಗರವಳ್ಳಿಯಲ್ಲಿ ನಡೆದ ಆರೋಗ್ಯ ಮಾಹಿತಿ ಸಭೆಯೊಂದರಲ್ಲಿ ವೈದ್ಯರು ಮಾಡಿದ ಭಾಷಣದ ಬರಹ ರೂಪ)



ರಕ್ತ ಪರೀಕ್ಷೆಯ ವರದಿ ಕೈಗೆ ಬಂದೊಡನೆ ನಮ್ಮ ಕಣ್ಣು ಹೋಗುವುದು ದಪ್ಪ ಅಕ್ಷರದಲ್ಲಿ ಮುದ್ರಿತವಾದ ಅಂಕೆಗಳ ಕಡೆಗೆ. ಎಸ್‌ಜಿಒಟಿ 140, ಎಸ್‌ಜಿಪಿಟಿ 95 ಎಂದಿದ್ದರೆ ಮನೆಯಲ್ಲಿ ತೀರ್ಪು ಹೊರಬಿದ್ದಂತೆಯೇ: ಲಿವರ್ ಕೆಟ್ಟಿದೆ. ಕಾಗದದ ಮೇಲೆ 'ಲಿವರ್ ಫಂಕ್ಷನ್ ಟೆಸ್ಟ್' ಎಂದೇ ಬರೆದಿರುವುದರಿಂದ ಹಾಗೆ ಭಾವಿಸುವುದು ಸಹಜವೂ ಹೌದು. ಅಂದೇ ಸಂಜೆಯಿಂದ ಎಣ್ಣೆ, ಮಾಂಸ ಬಂದ್ ಆಗುತ್ತದೆ. ಮರುದಿನ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವವರ ಮನೆ ಹುಡುಕಿ ಹೊರಡುತ್ತಾರೆ. ಇನ್ನೂ ನೋವಿನ ಸಂಗತಿಯೊಂದಿದೆ. ಜೀವನದಲ್ಲಿ ಒಂದು ಹನಿ ಮದ್ಯವನ್ನೂ ಮುಟ್ಟದ ಯುವಕನ ವರದಿಯಲ್ಲಿ ಎಸ್‌ಜಿಒಟಿ ಹೆಚ್ಚಿದ್ದರೆ, 'ಇವನು ಗುಟ್ಟಾಗಿ ಕುಡಿಯುತ್ತಾನೇನೋ' ಎಂಬ ಪಿಸುಮಾತು ನಮ್ಮ ಕುಟುಂಬಗಳಲ್ಲಿ ಏಳುತ್ತದೆ. ಮದುವೆಯ ಮಾತುಕತೆಗಳೂ ಅಲ್ಲಿಗೇ ನಿಂತುಬಿಡಬಹುದು.

ಆ ಅಂಕೆ ನಿಜವಾಗಿ ಹೇಳುವುದೇನು ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಶರೀರದ ಪ್ರತಿಯೊಂದು ಜೀವಕೋಶದೊಳಗೂ ಕೆಲಸ ಮಾಡುವ ಕಿಣ್ವಗಳಿವೆ. ಕೋಶ ಆರೋಗ್ಯದಿಂದಿರುವಾಗ ಅವು ಬಹುತೇಕ ಒಳಗೇ ಇರುತ್ತವೆ, ರಕ್ತದಲ್ಲಿ ಅತ್ಯಲ್ಪ ಪ್ರಮಾಣ ಮಾತ್ರ ಕಾಣುತ್ತದೆ. ಕೋಶಕ್ಕೆ ಪೆಟ್ಟಾದಾಗ ಅವು ರಕ್ತಕ್ಕೆ ಸೋರುತ್ತವೆ. ಅಂದರೆ ಎಸ್‌ಜಿಒಟಿ, ಎಸ್‌ಜಿಪಿಟಿಗಳು ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನು ಅಳೆಯುವುದಿಲ್ಲ, ಎಲ್ಲೋ ಸೋರಿಕೆಯಾಗಿದೆ ಎಂಬುದನ್ನಷ್ಟೇ ತಿಳಿಸುತ್ತವೆ. ಲಿವರ್‌ನ ಕೆಲಸವನ್ನು ತಿಳಿಯಲು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ ಇವುಗಳನ್ನು ನೋಡಬೇಕು.

ಹಾಗಾದರೆ ಸೋರಿಕೆ ಎಲ್ಲಿಂದ? ಪ್ರಶ್ನೆ ಇರುವುದೇ ಇಲ್ಲಿ. ಎಸ್‌ಜಿಪಿಟಿ ಮುಖ್ಯವಾಗಿ ಲಿವರ್‌ನಲ್ಲಿದೆ, ಸ್ನಾಯುಗಳಲ್ಲೂ ಸ್ವಲ್ಪ ಇದೆ. ಎಸ್‌ಜಿಒಟಿಯಾದರೋ ಲಿವರ್, ಹೃದಯ, ಕೈಕಾಲುಗಳ ಸ್ನಾಯು, ಮೂತ್ರಪಿಂಡ, ಕೊನೆಗೆ ಕೆಂಪು ರಕ್ತಕಣಗಳಲ್ಲೂ ಇದೆ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ವ್ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ವೈದ್ಯರು ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ಪ್ರಕಟಿಸಿದ್ದು ಹೃದಯಾಘಾತವಾದ ರೋಗಿಗಳಲ್ಲಿ. ಹೃದಯವೆಂದರೆ ಸ್ನಾಯುವೇ ತಾನೆ? ಆರಂಭದಲ್ಲಿ ಸ್ನಾಯುವಿನ ಸಾಕ್ಷಿಯಾಗಿ ಬಂದ ಪರೀಕ್ಷೆ ಈಗ ಲಿವರ್‌ನ ಹೆಸರಿನ ಪಟ್ಟಿಯಲ್ಲಿ ಕುಳಿತಿದೆ.

ಈ ಗೊಂದಲವನ್ನು ಬಿಡಿಸಲು ಇನ್ನೊಂದು ಕಿಣ್ವವಿದೆ. ಅದು ಸಿಪಿಕೆ, ಕೆಲವು ಪ್ರಯೋಗಾಲಯಗಳು ಸಿಕೆ ಎಂದು ಬರೆಯುತ್ತವೆ. ಅದು ಸ್ನಾಯುಗಳಲ್ಲಿ ಹೇರಳವಾಗಿದೆ, ಲಿವರ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಪ್ರತಿಯಾಗಿ ಜಿಜಿಟಿ ಎಂಬುದು ಲಿವರ್ ಮತ್ತು ಪಿತ್ತನಾಳದ ಕಡೆಯದು, ಸ್ನಾಯುವಿಗೆ ಪೆಟ್ಟಾದರೆ ಏರುವುದಿಲ್ಲ. ಎಸ್‌ಜಿಒಟಿ ಏರಿದೆ, ಸಿಪಿಕೆ ಅದಕ್ಕಿಂತ ಬಹಳ ಹೆಚ್ಚು ಏರಿದೆ, ಜಿಜಿಟಿ ಸರಿಯಾಗಿದೆ ಎಂದಾದರೆ ದೂರು ಸ್ನಾಯುವಿನದು. ಸಿಪಿಕೆ ಸರಿಯಿದ್ದು ಜಿಜಿಟಿಯೂ ಬಿಲಿರುಬಿನ್ನೂ ಏರಿದ್ದರೆ ಲಿವರ್ ಕಡೆಗೆ ನೋಡಬೇಕು.

ಇನ್ನು ಕುಡಿತದ ಅನುಮಾನದ ವಿಷಯ. ಮದ್ಯದಿಂದ ಲಿವರ್ ಹಾಳಾದವರಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಸ್ನಾಯುವಿಗೆ ಪೆಟ್ಟಾದವರಲ್ಲೂ ಇದೇ ಚಿತ್ರ ಕಾಣುತ್ತದೆ. ಅಡಿಕೆ ಮರ ಹತ್ತಿ ಕೊನೆ ಇಳಿಸುವವನು, ಮಂಡಿಯಲ್ಲಿ ಮೂಟೆ ಹೊರುವವನು, ಹೊಸದಾಗಿ ಜಿಮ್ ಸೇರಿ ಮೂರು ದಿನ ಕಬ್ಬಿಣ ಎತ್ತಿದ ಕಾಲೇಜು ಹುಡುಗ, ಇವರೆಲ್ಲರ ಸಿಪಿಕೆ ಸಾವಿರ ದಾಟಿದರೂ ಆಶ್ಚರ್ಯವಿಲ್ಲ, ಜೊತೆಗೆ ಎಸ್‌ಜಿಒಟಿಯೂ ಏರುತ್ತದೆ. ವಾರ, ಹತ್ತು ದಿನ ಭಾರದ ಕೆಲಸ ಬಿಟ್ಟು ಮತ್ತೆ ಪರೀಕ್ಷಿಸಿದರೆ ಅಂಕೆ ತಾನಾಗಿ ಇಳಿದಿರುತ್ತದೆ. ಒಂದು ಕಾಗದವನ್ನು ಹಿಡಿದುಕೊಂಡು ಒಬ್ಬನ ಚಾರಿತ್ರ್ಯದ ಬಗ್ಗೆ ತೀರ್ಪು ಕೊಡಲು ವೈದ್ಯಶಾಸ್ತ್ರ ಯಾರಿಗೂ ಅಧಿಕಾರ ಕೊಟ್ಟಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಈ ದಾರಿಯ ಊರುಗಳಲ್ಲಿ ಈ ವಿಷಯವನ್ನು ಒತ್ತಿ ಹೇಳಲು ಬೇರೊಂದು ಕಾರಣವೂ ಇದೆ. ಸ್ನಾಯುವನ್ನೂ ಲಿವರನ್ನೂ ಒಟ್ಟಿಗೆ ಹಿಡಿಯುವ ಎರಡು ಜ್ವರಗಳು ಮಲೆನಾಡಿನಲ್ಲಿವೆ. ಮಳೆಗಾಲದಲ್ಲಿ ಇಲಿ ಜ್ವರ, ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ.

ಇಲಿ ಜ್ವರವನ್ನೇ ಮೊದಲು ನೋಡಿ. ಇಲಿ, ಹೆಗ್ಗಣ, ದನಕರುಗಳ ಮೂತ್ರ ಬೆರೆತ ನೀರು, ಕೆಸರು ನಮ್ಮ ಕಾಲಿನ ಗಾಯಕ್ಕೆ ತಾಗಿದಾಗ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಗದ್ದೆ, ತೋಟದಲ್ಲಿ ದುಡಿಯುವವರಿಗೆ ಮಾತ್ರವಲ್ಲ, ಪೇಟೆಯ ಚರಂಡಿ ಉಕ್ಕಿದ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದವರಿಗೂ ಇದು ಬರಬಹುದು. ಜ್ವರ, ತಲೆನೋವು, ಕೆಂಪೇರಿದ ಕಣ್ಣು, ಮುಟ್ಟಿದರೆ ಚೀರುವಷ್ಟು ಮೀನಖಂಡದ ನೋವು. ಕೆಲವರಲ್ಲಿ ನಾಲ್ಕೈದು ದಿನಗಳಲ್ಲಿ ಕಣ್ಣು ಹಳದಿಯಾಗುತ್ತದೆ. ಆಗ ಮನೆಯವರು ಹೇಳುವುದೇನು? 'ಕಾಮಾಲೆ.' ಡಾಕ್ಟರ ಮದ್ದು ಕಾಮಾಲೆಗೆ ಉಷ್ಣ ಎಂಬ ನಂಬಿಕೆಯಿಂದ ರೋಗಿಯನ್ನು ಸೊಪ್ಪಿನ ರಸಕ್ಕೆ ಒಪ್ಪಿಸಲಾಗುತ್ತದೆ. ಹೆಪಟೈಟಿಸ್ ಎ ಯಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿ ಗುಣವಾಗುತ್ತದೆ. ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಆದರೆ ಇಲಿ ಜ್ವರ ಹಾಗಲ್ಲ. ತೀವ್ರವಾದಾಗ ಅದು ಮೂತ್ರಪಿಂಡವನ್ನೂ ಶ್ವಾಸಕೋಶವನ್ನೂ ಹಿಡಿಯುತ್ತದೆ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂತಹ ಹಳೆಯ, ಅಗ್ಗದ ಔಷಧಿಗಳು ಆರಂಭದಲ್ಲೇ ಸಿಕ್ಕರೆ ಜೀವ ಉಳಿಯುತ್ತದೆ. ಸೊಪ್ಪಿನ ಮದ್ದಿನಲ್ಲಿ ಕಳೆದ ಮೂರು ದಿನಗಳು ಮರಳಿ ಬರುವುದಿಲ್ಲ.

ಈ ಎರಡು ಕಾಮಾಲೆಗಳನ್ನು ಬೇರ್ಪಡಿಸಲು ವೈದ್ಯರಿಗೆ ನೆರವಾಗುವುದು ನಾವು ಹೇಳುತ್ತಿರುವ ಅಂಕೆಗಳೇ. ವೈರಸ್ಸಿನ ಹೆಪಟೈಟಿಸ್‌ನಲ್ಲಿ ಎಸ್‌ಜಿಪಿಟಿ ಸಾಮಾನ್ಯವಾಗಿ ಸಾವಿರದ ಲೆಕ್ಕದಲ್ಲಿರುತ್ತದೆ, ಸಿಪಿಕೆ ಸರಿಯಿರುತ್ತದೆ. ಇಲಿ ಜ್ವರದಲ್ಲಿ ಕಣ್ಣು ಅರಿಶಿನದಂತಾಗಿ ಬಿಲಿರುಬಿನ್ ಹತ್ತು, ಇಪ್ಪತ್ತಕ್ಕೆ ಏರಿದರೂ ಎಸ್‌ಜಿಪಿಟಿ ಅನೇಕ ವೇಳೆ ಇನ್ನೂರರ ಆಸುಪಾಸಿನಲ್ಲೇ ಉಳಿಯುತ್ತದೆ. ಸಿಪಿಕೆ ಮಾತ್ರ ಏರಿರುತ್ತದೆ. ಹಳದಿ ಕಣ್ಣಿಗೆ ಮೀನಖಂಡದ ನೋವು ಜೊತೆಯಾದರೆ, ಮೂತ್ರ ಕಡಿಮೆಯಾದರೆ, ಕ್ರಿಯಾಟಿನಿನ್ ಏರಿದರೆ, ಒಂದು ರಾತ್ರಿಯೂ ಕಾಯಬಾರದು.

ಮಂಗನ ಕಾಯಿಲೆಯ ಹೆಸರು ನಿಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಬಳಿ ಮಂಗಗಳು ಸತ್ತು ಬೀಳತೊಡಗಿದಾಗ ಗುರುತಿಸಲಾದ ಈ ರೋಗ ಆ ಕಾಡಿನ ಹೆಸರಿನಿಂದಲೇ ಜಗತ್ತಿನ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. 2018ರ ಡಿಸೆಂಬರಿನಿಂದ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಪ್ರಾಣ ತೆಗೆಯಿತು. ಉಣುಗು, ಅಂದರೆ ಕಾಡಿನ ಉಣ್ಣೆ ಹುಳು ಕಚ್ಚುವುದರಿಂದ ಬರುವ ಈ ವೈರಸ್ ಜ್ವರದಲ್ಲಿ ಮೈಕೈ ನೋವು ಅಸಾಧ್ಯವಾಗಿರುತ್ತದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಎಸ್‌ಜಿಒಟಿ, ಎಸ್‌ಜಿಪಿಟಿ ಏರುತ್ತವೆ, ಸಿಪಿಕೆಯೂ ಏರಬಹುದು. ಈ ಅಂಕೆಗಳಿಂದ ರೋಗ ಖಚಿತವಾಗುವುದಿಲ್ಲ. ಅದಕ್ಕೆ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದಂತಹ ಕಡೆ ಆರ್‌ಟಿ-ಪಿಸಿಆರ್ ಆಗಬೇಕು, ಅದೂ ಜ್ವರ ಬಂದ ಮೊದಲ ದಿನಗಳಲ್ಲಿ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಹೊಸದಕ್ಕಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸಕ್ಕೆ ತೊಡಗಿತು. ಅರವತ್ತು ವರ್ಷಕ್ಕೂ ಮೀರಿ ಒಂದೇ ಸೀಮೆಯ ಬಡವರನ್ನು ಕಾಡುತ್ತಿರುವ ರೋಗಕ್ಕೆ ಇಷ್ಟು ನಿಧಾನವೇಕೆ ಎಂದು ನಮ್ಮ ಜನಪ್ರತಿನಿಧಿಗಳನ್ನು ಕೇಳುವ ಹಕ್ಕು ನಿಮಗಿದೆ. ಚುನಾವಣೆಯ ಹೊತ್ತಿಗೆ ಅಡಿಕೆ ಧಾರಣೆ ನೆನಪಾಗುವವರಿಗೆ ಉಣುಗು ನೆನಪಾಗುವುದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ. ಜ್ವರವೆಂದರೆ ಸೊಂಟಕ್ಕೊಂದು ಇಂಜೆಕ್ಷನ್ ಬೇಕೇ ಬೇಕು ಎಂದು ಹಟ ಹಿಡಿಯುವವರಿದ್ದಾರೆ. ಸ್ನಾಯುವಿಗೆ ಚುಚ್ಚಿದ ಸೂಜಿಯಿಂದಲೇ ಸಿಪಿಕೆ ಏರುತ್ತದೆ, ಪರೀಕ್ಷೆಯ ಅರ್ಥ ಕೆಡುತ್ತದೆ. ಪ್ಲೇಟ್‌ಲೆಟ್ ಇಳಿದ ರೋಗಿಯಲ್ಲಿ ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಿಕೊಳ್ಳುವ ಅಪಾಯವೂ ಇದೆ. ಇಂತಹ ಜ್ವರದಲ್ಲಿ ಆಸ್ಪಿರಿನ್ ಸಲ್ಲದು. ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ಅಳತೆ ಮೀರಿದರೆ ಅದೇ ಲಿವರನ್ನು ಸುಡುತ್ತದೆ. ಬೇರೆ ಬೇರೆ ಹೆಸರಿನ ಮೂರು ಮಾತ್ರೆಗಳಲ್ಲೂ ಅದೇ ಪ್ಯಾರಾಸಿಟಮಾಲ್ ಇರುವುದುಂಟು, ಚೀಟಿ ಓದಿಯೇ ನುಂಗಬೇಕು.

ಪೇಟೆಯ ಮಧ್ಯವಯಸ್ಕರಿಗೆ ಎರಡು ಮಾತು. ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ತೊಡೆ, ಭುಜಗಳಲ್ಲಿ ಹೊಸದಾಗಿ ನೋವು ಬಂದರೆ ಸಿಪಿಕೆ ನೋಡಿಸಬೇಕು; ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಥೈರಾಯ್ಡ್ ಕಡಿಮೆಯಾದ ಹೆಂಗಸರಲ್ಲೂ ಸಿಪಿಕೆ ಏರುತ್ತದೆ. ಹೊಟ್ಟೆ ಬೆಳೆದು ಸಕ್ಕರೆ ಕಾಯಿಲೆ ಇರುವವರಲ್ಲಿ ಎಸ್‌ಜಿಪಿಟಿ ಸ್ವಲ್ಪ ಏರಿದ್ದರೆ ಅದು ಬಹುಶಃ ಕೊಬ್ಬು ತುಂಬಿದ ಲಿವರ್. ಅಲ್ಲಿ ಸ್ನಾಯುವಿನ ನೆಪ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ!

ಇನ್ನು ಮಕ್ಕಳ ವಿಷಯ. ಮೂರು ನಾಲ್ಕು ವರ್ಷದ ಗಂಡು ಮಗು. ನಡೆಯಲು ಕಲಿತದ್ದು ತಡ, ಮತ್ತೆ ಮತ್ತೆ ಬೀಳುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿ ಮೇಲೇಳುತ್ತದೆ. ಮೀನಖಂಡ ಮಾತ್ರ ದಪ್ಪಗೆ ಗಟ್ಟಿಯಾಗಿ ಕಾಣುತ್ತದೆ, ಅಜ್ಜಿ 'ಪೈಲ್ವಾನ' ಎನ್ನುತ್ತಾರೆ. ಯಾವುದೋ ಜ್ವರಕ್ಕೆ ರಕ್ತ ಪರೀಕ್ಷೆಯಾದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಮುನ್ನೂರು. ಅಂದಿನಿಂದ ಲಿವರ್ ಸಿರಪ್, ಪಥ್ಯ, ಸ್ಕ್ಯಾನಿಂಗ್ ಎಂದು ವರ್ಷಗಳೇ ಸರಿಯುತ್ತವೆ. ಸಿಪಿಕೆ ಒಂದನ್ನು ನೋಡಿದ್ದರೆ ಅದು ಹತ್ತು ಸಾವಿರ, ಇಪ್ಪತ್ತು ಸಾವಿರ ಎಂದು ಬಂದಿರುತ್ತಿತ್ತು. ಇದು ಡುಶೆನ್ ಸ್ನಾಯುಕ್ಷಯ. ಸ್ನಾಯುಕ್ಷಯದಲ್ಲಿ ಸಿಪಿಕೆ ಏರುತ್ತದೆಂದು ಜಪಾನಿನ ಎಬಾಶಿ ಮತ್ತು ಸಂಗಡಿಗರು 1959ರಲ್ಲೇ ತೋರಿಸಿದ್ದರು. ಇದನ್ನು ಪೂರ್ಣ ಗುಣಪಡಿಸುವ ಔಷಧಿ ಇಲ್ಲ, ನಿಜ. ಆದರೆ ಸಕಾಲದಲ್ಲಿ ಸ್ಟೆರಾಯ್ಡ್ ಆರಂಭಿಸಿದರೆ ಮಗು ನಡೆಯುವ ವರ್ಷಗಳು ಹೆಚ್ಚುತ್ತವೆ, ಹೃದಯ, ಶ್ವಾಸದ ನಿಗಾ ಸಾಧ್ಯವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಂಶವಾಹಿ ಪರೀಕ್ಷೆ, ಸಲಹೆ ದೊರೆಯುತ್ತದೆ.

ಈ ರೋಗದ ಹೆಸರು ಕೇಳಿದೊಡನೆ ಸೊಸೆಯನ್ನು ದೂರುವುದು ಆರಂಭವಾಗುತ್ತದೆ, 'ಅವಳ ಕಡೆಯಿಂದ ಬಂದದ್ದು' ಎಂದು. ದೋಷವಿರುವ ವಂಶವಾಹಿ ತಾಯಿಯ ಮೂಲಕ ಬರಬಹುದು. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಅದು ತಾಯಿಯಲ್ಲೂ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತದೆ. ಎರಡರಲ್ಲಿ ಯಾವುದಾದರೂ ಅದರಲ್ಲಿ ಅವಳು ಮಾಡಿದ ತಪ್ಪೇನು? ಸೋದರ ಸಂಬಂಧದ ಮದುವೆಗೂ ಡುಶೆನ್‌ಗೂ ನಂಟಿಲ್ಲ. ಆದರೆ ಹುಡುಗ, ಹುಡುಗಿಯರಿಬ್ಬರಿಗೂ ಬರುವ ಬೇರೆ ಕೆಲವು ಸ್ನಾಯುಕ್ಷಯಗಳು ಹತ್ತಿರದ ಸಂಬಂಧದ ಮದುವೆಗಳಲ್ಲಿ ಹೆಚ್ಚುತ್ತವೆ. ಮನೆಯಲ್ಲಿ ಅಂತಹ ಮಗುವಿದ್ದು, ಮತ್ತೆ ಅದೇ ಕುಟುಂಬದೊಳಗೆ ಸಂಬಂಧ ಬೆಳೆಸುವ ಮಾತು ಬಂದಾಗ ಮೊದಲು ವಂಶವಾಹಿ ತಜ್ಞರನ್ನು ಕಾಣುವುದು ಹಿರಿಯರ ಹೊಣೆ.

ವರದಿ ಹಿಡಿದು ವೈದ್ಯರ ಮುಂದೆ ಕುಳಿತಾಗ ನೀವು ಹೇಳಬೇಕಾದದ್ದು ಇಷ್ಟು: ಕಳೆದ ವಾರ ಮಾಡಿದ ಭಾರದ ಕೆಲಸ, ಬಿದ್ದ ಪೆಟ್ಟು, ಹಾಕಿಸಿಕೊಂಡ ಇಂಜೆಕ್ಷನ್, ನುಂಗುತ್ತಿರುವ ಎಲ್ಲ ಮಾತ್ರೆ ಹಾಗೂ ಸೊಪ್ಪಿನ ಮದ್ದು, ಕಾಡಿಗೋ ಕೆಸರಿಗೋ ಹೋಗಿದ್ದ ದಿನ. ಬಳಿಕ ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಡಾಕ್ಟರೇ, ಇದು ಸ್ನಾಯುವಿನಿಂದಲೂ ಬಂದಿರಬಹುದೇ?' ಕೆಲವೊಮ್ಮೆ ಉತ್ತರ ಇನ್ನೂ ಸರಳವಾಗಿರುತ್ತದೆ. ಇಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಕುಲುಕುತ್ತಾ ಪೇಟೆಯ ಪ್ರಯೋಗಾಲಯ ಸೇರುವಷ್ಟರಲ್ಲಿ ರಕ್ತಕಣಗಳು ಒಡೆದು ಎಸ್‌ಜಿಒಟಿ ಸುಳ್ಳಾಗಿ ಏರಿರಬಹುದು. ಹೊಸದಾಗಿ ರಕ್ತ ಕೊಟ್ಟರೆ ಮುಗಿಯಿತು. ಆದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಸ್ನಾಯುಗಳು ಬಿಗಿದು ನೋಯುತ್ತಿದ್ದರೆ ಎರಡನೆಯ ವರದಿಗಾಗಿ ಮನೆಯಲ್ಲಿ ಕಾಯಬೇಡಿ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹರಿಯುತ್ತಿರುವ ಲಕ್ಷಣವದು. ಸಿಪಿಕೆ ಐದು ಸಾವಿರ ದಾಟಿದವರನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಇರಿಸಿ, ಸಲೈನ್ ಕೊಟ್ಟು, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮೇಲೆ ಕಣ್ಣಿಡಲಾಗುತ್ತದೆ. ರಾತ್ರಿಯಾದರೂ ಸರಿ, ವಾಹನ ಹಿಡಿದು ಹೊರಡಿ.