ಬರೆದ ಕಟ್ಟಳೆ, ಬರೆಯದ ಕಟ್ಟಳೆ

(ಸುಲ್ತಾನ್ ಬಜಾರಿನಲ್ಲಿ ಕನ್ನಡ ವಿದ್ಯಾರ್ಥಿಗಳ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿಗಳ ನಡತೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಅಪ್ಪಣೆ ಮಾಡಿದ್ದೀರಿ. ನಾನು ಅಧ್ಯಾಪಕನಲ್ಲ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಿಯಮಗಳ ನಡುವೆಯೇ ಆಯುಷ್ಯ ಸವೆಸಿದವನು. ನಮ್ಮ ನಡತೆಗೆಂದೇ 1964ರ ನಿಯಮಾವಳಿಯೊಂದಿದೆ. ಸರ್ಕಾರಿ ನೌಕರನು ತನಗೆ ತಕ್ಕುದಲ್ಲದ್ದನ್ನು ಮಾಡಕೂಡದೆಂದು ಅದರ ಮೂರನೆಯ ನಿಯಮ ಹೇಳುತ್ತದೆ. ಯಾವುದು ತಕ್ಕುದು? ಅದನ್ನು ಯಾವ ನಿಯಮಾವಳಿಯೂ ಪೂರ್ತಿಯಾಗಿ ಬಿಡಿಸಿ ಹೇಳಲಾರದು. ಬರೆದ ಕಟ್ಟಳೆಯು ಕೊನೆಗೆ ಬರೆಯದ ಕಟ್ಟಳೆಯಿಂದಲೇ ಅರ್ಥವನ್ನು ಎರವಲು ಪಡೆಯುತ್ತದೆ. ವಿದ್ಯಾರ್ಥಿ ಜೀವನದಲ್ಲಿ ಇವೆರಡರ ಸಂಬಂಧವೇನೆಂಬುದೇ ನನ್ನ ಇಂದಿನ ವಿಷಯ.

ನಾವು ಸೇರಿರುವ ಈ ಸುಲ್ತಾನ್ ಬಜಾರು ಒಂದು ಕಾಲಕ್ಕೆ ರೆಸಿಡೆನ್ಸಿ ಬಜಾರು. 1933ರಲ್ಲಿ ನಿಜಾಮರಿಗೆ ಮರಳುವವರೆಗೆ ಇಲ್ಲಿ ಬ್ರಿಟಿಷ್ ರೆಸಿಡೆಂಟನ ಆಡಳಿತ. ಆಚೆಗೆ ನಿಜಾಮರ ಫರ್ಮಾನು. ಗಡಿ ದಾಟಿದರೆ ಕಾನೂನು ಬದಲಾಗುತ್ತಿತ್ತು. ಆದರೆ ಮನೆಯಲ್ಲಿ ಕಲಿತ ರೀತಿನೀತಿ ಮನುಷ್ಯನ ಜೊತೆಗೇ ಗಡಿ ದಾಟುತ್ತಿತ್ತು.

ಈ ಎರಡು ಬಗೆಯ ಕಟ್ಟಳೆಗಳು ಮುಖಾಮುಖಿಯಾದ ಪ್ರಸಂಗ ನಮ್ಮ ನಗರದ ಚರಿತ್ರೆಯಲ್ಲೇ ಇದೆ. 1938ರ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಸ್ಟೆಲಿನ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡಿದರು. ಅಧಿಕಾರಿಗಳು ನಿಷೇಧಿಸಿದರು, ವಿದ್ಯಾರ್ಥಿಗಳು ಬಿಡಲಿಲ್ಲ, ಬಹಿಷ್ಕಾರ ಬಂತು. ಚಳವಳಿ ವರಂಗಲ್, ಗುಲ್ಬರ್ಗಗಳಿಗೂ ಹಬ್ಬಿತು. ಹೊರದೂಡಲ್ಪಟ್ಟವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ಕೊಟ್ಟಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಅವರಲ್ಲೊಬ್ಬರು. ಅಂದಿನ ಕಡತಗಳಲ್ಲಿ ಇದು ಅಶಿಸ್ತು. ಹುಡುಗರ ಅಂತಃಕರಣದಲ್ಲಿ ಅದೇ ಶಿಸ್ತು. ನಿಯಮ ಮುರಿದವರೆಲ್ಲರೂ ಶೀಲಗೆಟ್ಟವರಲ್ಲವೆಂಬುದನ್ನು ಪಾಲಕರಾದ ನಾವು ನೆನಪಿಡಬೇಕು.

ಹಾಗೆಂದು ಬರೆಯದ ಕಟ್ಟಳೆಯೆಲ್ಲ ಶ್ರೇಷ್ಠವೆನ್ನಲೂ ಆಗದು. ನಮ್ಮ ನಾಡಿನ ವಾರಾನ್ನದ ಪದ್ಧತಿಯನ್ನು ನೋಡಿ. ಬಡ ಹುಡುಗನು ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ. ಕರಾರುಪತ್ರವಿರಲಿಲ್ಲ, ವಾರ್ಡನ್ ಇರಲಿಲ್ಲ. ಮಂಗಳವಾರದ ಮನೆಯ ತಾಯಿಗೆ ಹುಡುಗನ ಮುಖ ನೋಡಿದರೆ ಸಾಕು, ಜ್ವರವೋ ಪರೀಕ್ಷೆಯ ಭಯವೋ ತಿಳಿಯುತ್ತಿತ್ತು. ಏಳು ಮನೆಗಳ ಕಣ್ಣು ಅವನ ಮೇಲಿತ್ತು. ಆದ್ದರಿಂದ ಅವನ ಕಾಲು ದಾರಿ ತಪ್ಪುತ್ತಿರಲಿಲ್ಲ. ಆದರೆ ಆ ಏಳು ಬಾಗಿಲುಗಳು ಸಾಮಾನ್ಯವಾಗಿ ಸ್ವಜಾತಿಯ ಹುಡುಗನಿಗೇ ತೆರೆಯುತ್ತಿದ್ದವು. ಉಳಿದವರಿಗೆ ಬಾಗಿಲು ತೆರೆಯಲು ಬರೆದ ಕಟ್ಟಳೆಯೇ ಬೇಕಾಯಿತು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನದ 17ನೆಯ ವಿಧಿ, ಸರ್ಕಾರಿ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ ಇವೆಲ್ಲ ಅಂಥ ಬರಹಗಳು. ಬರೆಯದ ಕಟ್ಟಳೆಗೆ ಕಣ್ಣಿದೆ, ಆದರೆ ಬಾಗಿಲು ಕಿರಿದು. ಬರೆದ ಕಟ್ಟಳೆಗೆ ಬಾಗಿಲು ಅಗಲ, ಆದರೆ ಕಣ್ಣಿಲ್ಲ.

ಕಣ್ಣಿಲ್ಲದ್ದರಿಂದ ಏನಾಗುತ್ತದೆ? ರ‍್ಯಾಗಿಂಗ್ ವಿರುದ್ಧ ಆಂಧ್ರಪ್ರದೇಶದಲ್ಲಿ 1997ರಲ್ಲೇ ಕಾಯಿದೆಯಾಯಿತು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ವಿದ್ಯಾರ್ಥಿಯಿಂದಲೂ ಪಾಲಕರಿಂದಲೂ ಪ್ರಮಾಣಪತ್ರ ಪಡೆಯುವ ನಿಯಮ ತಂದಿತು. ಆದರೂ ಪಿಡುಗು ನಿರ್ಮೂಲವಾಗಿಲ್ಲ. ಕಾರಣವನ್ನು ಹಾಸ್ಟೆಲಿನ ಅಲಿಖಿತ ವ್ಯವಹಾರದಲ್ಲಿ ಹುಡುಕಬೇಕು. ಹೊಸದಾಗಿ ಬಂದವನಿಗೆ ಹಳೆಯ ಪುಸ್ತಕ, ಟಿಪ್ಪಣಿ, ಪರೀಕ್ಷೆಯ ಗುಟ್ಟು, ಊರಿನ ಪರಿಚಯ ಎಲ್ಲವೂ ಹಿರಿಯ ವಿದ್ಯಾರ್ಥಿಯಿಂದಲೇ ದೊರೆಯಬೇಕು. ಅದಕ್ಕೆ ಅವನು ತೆರುವ ಬೆಲೆ ಮೌನ. ದೂರು ಕೊಟ್ಟರೆ ಒಂಟಿಯಾಗುವೆನೆಂಬ ಭಯದ ಮುಂದೆ ಪ್ರಮಾಣಪತ್ರವು ಬರಿಯ ಕಾಗದ.

ಜಾತಿಯ ವಿಷಯದಲ್ಲೂ ಇದೇ ಮಾತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮತೆಯನ್ನು ಕಾಪಾಡುವ ನಿಯಮಾವಳಿ 2012ರಲ್ಲೇ ಬಂದಿತ್ತು. ಆದರೂ 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲಿನಿಂದ ಹೊರಹಾಕಲ್ಪಟ್ಟಿದ್ದ ಸಂಶೋಧನ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡ. ಮಗನನ್ನು ದೂರದ ಊರಿಗೆ ಓದಲು ಕಳಿಸಿದ ಯಾವ ತಾಯಿಯೂ ಆ ಸುದ್ದಿಯನ್ನು ಮರೆತಿರಲಾರಳು.

ಹೆಣ್ಣುಮಕ್ಕಳ ಸ್ಥಿತಿ ಬೇರೆಯೇ. ಕೂಗಳತೆಯಲ್ಲಿರುವ ಹಳೆಯ ರೆಸಿಡೆನ್ಸಿಯಲ್ಲಿ 1949ರಿಂದ ಹುಡುಗಿಯರು ಓದುತ್ತಿದ್ದಾರೆ. ರೆಸಿಡೆಂಟನ ಭವನವೇ ಅವರ ಕಾಲೇಜಾಯಿತು. ಆದರೆ ನಮ್ಮ ಮನಸ್ಸಿನಲ್ಲಿ ಹುಡುಗನಿಗೆ ಒಂದು ಗಡಿಯಾರ, ಹುಡುಗಿಗೆ ಇನ್ನೊಂದು. ಸುರಕ್ಷತೆಯ ನೆಪದಿಂದ ಹಾಸ್ಟೆಲಿನಲ್ಲಿ ವಿದ್ಯಾರ್ಥಿನಿಯರಿಗೆ ತಾರತಮ್ಯದ ನಿಯಮ ಹೇರಕೂಡದೆಂದು ಆಯೋಗದ 2015ರ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ಬರೆದ ಕಟ್ಟಳೆ ನಮಗಿಂತ ಮುಂದಿದೆ, ಹಿಂದುಳಿದವರು ನಾವು.

ಹಾಗಾದರೆ ಹೊರನಾಡಿನ ಸಂಘದ ಕರ್ತವ್ಯವೇನು? ಹಿಂದೆ ಗುಲ್ಬರ್ಗ, ಬೀದರ, ರಾಯಚೂರಿನ ಹುಡುಗರಿಗೆ ಪದವಿಗೆ ಹೈದರಾಬಾದೇ ಗತಿ. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು. ಆದರೂ ನಮ್ಮ ಮಕ್ಕಳು ಇಲ್ಲಿಗೆ ಬರುವುದು ನಿಂತಿಲ್ಲ. ಅವರಿಗೆ ಉಪದೇಶ ಬೇಡ. ಏಳು ಮನೆ ಬೇಕು. ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಊರಿನಲ್ಲಿ ಒಂದು ಕನ್ನಡ ಮನೆಯ ವಿಳಾಸವಿರಲಿ. ಹಬ್ಬದ ಊಟಕ್ಕೆ ಕರೆಯಿರಿ, ಕೋಠಿಯ ಹಳೆ ಪುಸ್ತಕದಂಗಡಿಗಳನ್ನು ಪರಿಚಯಿಸಿ, ಜ್ವರ ಬಂದರೆ ಆಸ್ಪತ್ರೆಗೆ ಜೊತೆಗೆ ಹೋಗಿ. ಜಾತಿ ಕೇಳಬೇಡಿ, ಹುಡುಗಿಯಾದರೆ ಬೇರೆ ಅಳತೆಗೋಲು ಹಿಡಿಯಬೇಡಿ. ಈ ಆಸರೆ ಮೊದಲೇ ದೊರೆತರೆ, ಅದಕ್ಕಾಗಿ ಮೌನದ ಬೆಲೆ ತೆರುವ ಅಗತ್ಯ ಹುಡುಗನಿಗೆ ಬೀಳದು. ದೂರು ಬಂದ ಮೇಲೆ ಕೆಲಸ ಮಾಡುವುದು ಕಾಯಿದೆ. ದೂರಿಗೆ ಮೊದಲೇ ಮಗುವಿನ ಮುಖ ನೋಡಿ ತಿಳಿಯುವುದು ಮನೆ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಒಂದೇ ಮಾತು. ಈ ವರ್ಷ ಕಿರಿಯರಾದ ನೀವು ಬರುವ ವರ್ಷ ಹಿರಿಯರು. ನಿಮ್ಮ ಹಾಸ್ಟೆಲಿನ ಬರೆಯದ ಕಟ್ಟಳೆಯನ್ನು ಮಾಡುವವರು ನೀವೇ. ಅದರ ಬಾಗಿಲು ಅಗಲವಾಗಿರಲಿ.